ತೋಟದ ಪಂಚಾಂಗ, ಶಾಲೆಯ ಹಾಜರಿ ಪುಸ್ತಕ

ಮಲೆನಾಡಿನ ಯಾವುದೇ ಹಳ್ಳಿಯ ಪ್ರಾಥಮಿಕ ಶಾಲೆಯ ಹಾಜರಿ ಪುಸ್ತಕವನ್ನು ಜೂನ್‌ನಿಂದ ಏಪ್ರಿಲ್‌ವರೆಗೆ ತಿರುವಿ ಹಾಕಿದರೆ, ಆ ವರ್ಷ ಸುತ್ತಲಿನ ತೋಟಗಳಲ್ಲಿ ಏನೇನು ನಡೆಯಿತೆಂಬುದನ್ನು ಹೆಚ್ಚುಕಡಿಮೆ ಓದಿಬಿಡಬಹುದು. ಜುಲೈಯಲ್ಲಿ ಮಳೆಯ ರಜೆಗಳು, ಗಣಪತಿ ಹಬ್ಬದ ಹೊತ್ತಿಗೆ ತುಂಬಿದ ತರಗತಿ, ಡಿಸೆಂಬರ್ ಬಂತೆಂದರೆ ಮತ್ತೆ ಗೈರುಹಾಜರಿಯ ಗುರುತುಗಳ ಸಾಲು. ತಗ್ಗಿನಲ್ಲಿ ಅಡಿಕೆ, ಏರಿನಲ್ಲಿ ಕಾಫಿ ಬೆಳೆಯುವ ಕೊಪ್ಪ, ಶೃಂಗೇರಿ ಕಡೆಯ ಸದಸ್ಯ ಬಾಂಧವರಿಗೆ ಇದೇನೂ ಹೊಸ ವಿಷಯವಲ್ಲ. ಆದರೆ ಆ ಗೈರುಹಾಜರಿಯಲ್ಲಿ ಮಳೆಯ ಪಾಲೆಷ್ಟು, ಬೆಳೆಗಾರರಾದ ನಮ್ಮ ಪಾಲೆಷ್ಟು ಎಂಬುದನ್ನು ಒಮ್ಮೆ ವಿಚಾರ ಮಾಡಿ ನೋಡುವುದು ಒಳ್ಳೆಯದು.

ಶಾಲೆ ಬಾಗಿಲು ತೆರೆಯುವುದೂ ನಾವು ಅಡಿಕೆಗೆ ಮೊದಲನೆಯ ಬೋರ್ಡೋ ಸಿಂಪಡಣೆಗೆ ಸುಣ್ಣ, ಮೈಲುತುತ್ತ ಹೊಂದಿಸಿಕೊಳ್ಳುವುದೂ ಒಂದೇ ಹೊತ್ತಿಗೆ. ಮೃಗಶಿರ ಹಿಡಿದು ಆರಿದ್ರಾ ಕಳೆಯುವುದರೊಳಗೆ ಹಳ್ಳಗಳು ತುಂಬುತ್ತವೆ. ವರ್ಷಕ್ಕೆ 7,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯ ಆಸುಪಾಸಿನಲ್ಲಿ ಮಕ್ಕಳು ಶಾಲೆಗೆ ಹೋಗಿ ಬರುವುದೇ ಒಂದು ಸಾಹಸ. ಅಡಿಕೆ ಮರದ ಕಾಲುಸಂಕ ಒಂದೇ ಮಳೆಗಾಲಕ್ಕೆ ಪಾಚಿಗಟ್ಟಿ ಜಾರುತ್ತದೆ, ಎರಡನೆಯದಕ್ಕೆ ಕುಂಬಾಗುತ್ತದೆ. ಕಾಲುಸಂಕದಿಂದ ಜಾರಿ ಮಕ್ಕಳು ನೀರು ಪಾಲಾದ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದಿದ್ದೇವೆ. ಸರಕಾರದ ಶಾಲಾ ಸಂಪರ್ಕ ಸೇತು ಯೋಜನೆಯಿಂದ ಕೆಲವೆಡೆ ಕಾಂಕ್ರೀಟಿನ ಕಿರುಸೇತುವೆಗಳಾಗಿವೆ. ಆಗದ ಕಡೆ ಮೇ ತಿಂಗಳಲ್ಲೇ ಹಳೆಯ ಮರ ತೆಗೆದು ಹೊಸದು ಹಾಕಿ, ಎರಡೂ ಬದಿಗೆ ಕೈತಾಂಗು ಕಟ್ಟುವುದು ನಾಲ್ಕು ಜನರ ಅರ್ಧ ದಿನದ ಕೆಲಸ. ಕೊಟ್ಟೆ ಕಟ್ಟುವವರು ಸಿಗಲಿಲ್ಲವೆಂದು ಹಾರಾಡುವ ನಾವು ಇದಕ್ಕೂ ಅಷ್ಟೇ ಅವಸರ ಮಾಡಬೇಕು.

ಮಳೆಗಾಲದಲ್ಲಿ ಮಕ್ಕಳನ್ನು ಶಾಲೆಗೆ ಎಳೆಯುವುದು ಪಾಠಕ್ಕಿಂತ ಬಿಸಿಯೂಟವೇ ಎಂದರೆ ಮೇಷ್ಟ್ರು ಬೇಸರಿಸಲಾರರು. 1995ರಲ್ಲಿ ಕೇಂದ್ರದ ಯೋಜನೆ ಬಂದಾಗ ಶೇಕಡಾ 80 ಹಾಜರಿ ಇದ್ದ ಮಗುವಿಗೆ ತಿಂಗಳಿಗೆ 3 ಕಿಲೋ ಧಾನ್ಯ ಕೊಡುತ್ತಿದ್ದರು. ಅದು ಮನೆಯ ಡಬ್ಬಿ ಸೇರುತ್ತಿತ್ತು, ಮಗುವಿನ ಹೊಟ್ಟೆಗೆ ಎಷ್ಟು ಬಿತ್ತೋ ಬಲ್ಲವರಿಲ್ಲ. ನಮ್ಮ ರಾಜ್ಯದಲ್ಲಿ 2002ರಲ್ಲಿ ಉತ್ತರದ ಜಿಲ್ಲೆಗಳಿಂದ ಆರಂಭವಾದ ಅಕ್ಷರ ದಾಸೋಹ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂದ ಮೇಲೆ ಶಾಲೆಯಲ್ಲೇ ಒಲೆ ಉರಿಯಿತು. 2013ರಿಂದ ಬಿಸಿ ಹಾಲೂ ಸೇರಿತು. ಅಕ್ಕಿ, ಬೇಳೆ ಸರಕಾರದ್ದು; ಸಾಂಬಾರಿನ ರುಚಿ ಮಾತ್ರ ಊರಿನದು. ಹಿತ್ತಿಲಲ್ಲಿ ಹೆಚ್ಚಾದ ಸೌತೆ, ಬಾಳೆಕಾಯಿ, ಕೆಸುವಿನ ಸೊಪ್ಪು, ವಾರಕ್ಕೆರಡು ತೆಂಗಿನಕಾಯಿ ಕಳಿಸುವ ಮನೆಗಳಿರುವ ಊರಿನ ಶಾಲೆಯ ಊಟದ ಗಮವೇ ಬೇರೆ.

ಆಗಸ್ಟ್ 15ರ ಧ್ವಜವಂದನೆ ಕೊಡೆಗಳ ಕೆಳಗೇ ಮುಗಿಯುತ್ತದೆ. ಅನಂತರ ಕ್ರೀಡಾಕೂಟ, ಪ್ರತಿಭಾ ಕಾರಂಜಿ, ನವರಾತ್ರಿಯ ಶಾರದಾ ಪೂಜೆ. ಇವನ್ನೆಲ್ಲ ವಿವರಿಸಬೇಕಾದ್ದಿಲ್ಲ, ನಾವೂ ಅಲ್ಲೇ ಓಡಿ ಬಿದ್ದು ಮಂಡಿ ಕೆತ್ತಿಸಿಕೊಂಡವರು.

ನಿಜವಾದ ತೊಡಕು ಶುರುವಾಗುವುದು ದಸರಾ ರಜೆಯ ನಂತರ. ನವೆಂಬರಿನಲ್ಲಿ ಅರೇಬಿಕಾ ಕೆಂಪಾಗುತ್ತದೆ. ಅದು ಮುಗಿಯುವುದರೊಳಗೆ ರೋಬಸ್ಟಾ ಕರೆಯುತ್ತದೆ. ಇತ್ತ ಅಡಿಕೆಯ ಕೊನೆ ಕೊಯ್ಲು, ಸುಲಿತ. ಫೆಬ್ರವರಿವರೆಗೆ ಯಾರಿಗೂ ಬಿಡುವಿಲ್ಲ. ಕೊಯ್ಲಿನ ಕೂಲಿ ಬಹಳ ಕಡೆ ಕಿಲೋ ಲೆಕ್ಕ. ಕಿಲೋ ಲೆಕ್ಕವೆಂದ ಮೇಲೆ ಗಂಡ ಹೆಂಡತಿ ಇಬ್ಬರೂ ಬೆಳಗಾಗುವುದರೊಳಗೆ ಗಿಡದ ಬುಡದಲ್ಲಿರಬೇಕು. ಹಾಗಾದರೆ ಲೈನು ಮನೆಯಲ್ಲಿರುವ ಒಂದೂವರೆ ವರ್ಷದ ಕೂಸನ್ನು ನೋಡುವವರು ಯಾರು? ನಾಲ್ಕನೆಯ ತರಗತಿಯ ಅಕ್ಕ. ಡಿಸೆಂಬರಿನ ಗೈರುಹಾಜರಿ ಪಟ್ಟಿಯಲ್ಲಿ ಹೆಣ್ಣುಮಕ್ಕಳ ಹೆಸರು ಮೊದಲು ಬರುವುದಕ್ಕೆ ಇದೇ ಕಾರಣ. ಆ ಹುಡುಗಿ ಹಣ್ಣು ಕೊಯ್ಯುತ್ತಿಲ್ಲ, ಆದ್ದರಿಂದ ನಾವು ಮಗುವಿನಿಂದ ಕೆಲಸ ಮಾಡಿಸುತ್ತಿಲ್ಲ ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ. ಆದರೆ ಅವಳು ಮನೆಯಲ್ಲಿ ನಿಂತದ್ದರಿಂದಲೇ ನಮ್ಮ ಹಣ್ಣು ಕಣಕ್ಕೆ ಬಂತು.

ಇನ್ನು 14 ವರ್ಷ ತುಂಬದ ಮಕ್ಕಳನ್ನು ಯಾವುದೇ ಕೆಲಸಕ್ಕೆ ಇಟ್ಟುಕೊಳ್ಳುವುದನ್ನು 2016ರ ತಿದ್ದುಪಡಿ ಕಾಯಿದೆ ನಿಷೇಧಿಸಿದೆ. ಸ್ವಂತ ಮನೆಯವರ ಕೆಲಸದಲ್ಲಿ ಶಾಲೆ ಬಿಟ್ಟ ಮೇಲೆ ಅಥವಾ ರಜೆಯಲ್ಲಿ ಅಪಾಯವಿಲ್ಲದ ಕೈನೆರವಿಗೆ ಮಾತ್ರ ಅವಕಾಶ. ನಮ್ಮ ತೋಟ ಕೂಲಿಯವರ ಮಗುವಿಗೆ ಸ್ವಂತ ಮನೆಯ ಕೆಲಸವಲ್ಲ ಎಂಬುದನ್ನು ಮರೆಯಬಾರದು.

ದೊಡ್ಡ ಎಸ್ಟೇಟುಗಳಿಗೆ 1951ರ ತೋಟ ಕಾರ್ಮಿಕರ ಕಾಯಿದೆ ಶಿಶುವಿಹಾರ ನಡೆಸುವ ಕಟ್ಟಳೆ ಹಾಕಿತ್ತು. ನಾಲ್ಕೈದು ಎಕರೆಯ ನಮಗೆ ಅದು ತಟ್ಟಲಿಲ್ಲ, ತಟ್ಟುವಷ್ಟು ಆಳುಗಳೂ ನಮ್ಮಲ್ಲಿರಲಿಲ್ಲ. ಆದರೆ ಹಣ್ಣು ಒಣಗಿಸಲು ಕಣ ಹಂಚಿಕೊಳ್ಳುವ, ದೋಟಿ ಎರವಲು ಪಡೆಯುವ ನಾಲ್ಕೈದು ಮನೆಯವರು ಸೇರಿ, ಮರ-ಗಿಡದ ಕೆಲಸ ಆಗದ ವಯಸ್ಸಿನ ಒಬ್ಬ ಹೆಂಗಸಿಗೆ ದಿನಗೂಲಿ ಕೊಟ್ಟು ಎಲ್ಲ ಕೂಸುಗಳನ್ನೂ ಒಂದೆಡೆ ನೋಡಿಕೊಳ್ಳಲು ಇಡಬಾರದೇಕೆ? ನೆರಳಿರುವ ಒಂದು ಜಗಲಿ, ತೊಟ್ಟಿಲು ಕಟ್ಟಲು ಎರಡು ಸೀರೆ, ಮಧ್ಯಾಹ್ನಕ್ಕೆ ಗಂಜಿ ಸಾಕು. ಹತ್ತಿರ ಅಂಗನವಾಡಿ ಇದ್ದರೆ ಮೂರು ವರ್ಷ ದಾಟಿದವರನ್ನು ಅಲ್ಲಿಗೆ ಬಿಡಬಹುದು. ಕೂಲಿಯನ್ನು ಐದು ಮನೆ ಹಂಚಿಕೊಂಡರೆ ಒಬ್ಬೊಬ್ಬರಿಗೆ ಬೀಳುವ ಭಾರ ಅಲ್ಪವೇ. ತಾಯಿಯೂ ನಿಶ್ಚಿಂತೆಯಿಂದ ಕೊಯ್ಯುತ್ತಾಳೆ.

ಕೊಯ್ಲಿಗೆಂದು ಅಸ್ಸಾಮು, ಬಂಗಾಳ, ಜಾರ್ಖಂಡದಿಂದ ಬಂದವರ ಮಕ್ಕಳ ವಿಷಯವೂ ಇದೆ. ವರ್ಗಾವಣೆ ಪತ್ರವಿಲ್ಲ, ಜನನ ಪತ್ರವಿಲ್ಲ, ಭಾಷೆ ಬಾರದು ಎಂದು ಅವರ ತಾಯಿತಂದೆ ಶಾಲೆಯ ಗೇಟಿನವರೆಗೂ ಹೋಗುವುದಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಈ ಕಾಗದಗಳಿಲ್ಲವೆಂದು 6ರಿಂದ 14 ವರ್ಷದ ಮಗುವಿನ ಪ್ರವೇಶವನ್ನು ನಿರಾಕರಿಸುವಂತಿಲ್ಲ. ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಬೇಕು. ತೋಟದ ಯಜಮಾನರು ಜೊತೆಗೆ ಹೋಗಿ ಮುಖ್ಯೋಪಾಧ್ಯಾಯರೊಂದಿಗೆ ಎರಡು ಮಾತಾಡಿದರೆ ಅರ್ಧ ಕೆಲಸ ಆದಂತೆಯೇ. ಭಾಷೆಯ ಚಿಂತೆ ಮಕ್ಕಳಿಗಿಲ್ಲ; ಲಗೋರಿ ಆಡುತ್ತ ಕನ್ನಡ ಕಲಿಯುತ್ತಾರೆ, ಬೈಗುಳ ಮೊದಲು!

ಇದು ಬರೀ ಪರೋಪಕಾರವೂ ಅಲ್ಲ. ಅದೇ ಕಾಯಿದೆಯ ಲೆಕ್ಕದಲ್ಲಿ ಕಿರಿಯ ತರಗತಿಗಳಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61 ದಾಟಿದರೆ ಮೂವರು. ನಮ್ಮ ಮಕ್ಕಳು ಬೆಳಗ್ಗೆ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಶಾಲೆಗೆ ಹೋಗುತ್ತಿರುವಾಗ, ಊರಿನ ಶಾಲೆಯ ಲೆಕ್ಕವನ್ನು ಎತ್ತಿ ಹಿಡಿದಿರುವವರು ಲೈನು ಮನೆಯ ಮಕ್ಕಳೇ. ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿದ ಶಾಲೆಗೆ ಬೀಗ ಬಿದ್ದರೆ ಮತದಾನದ ದಿನ ಮಾತ್ರ ಬಾಗಿಲು ತೆಗೆಯುವ ಕಟ್ಟಡ ಉಳಿಯುತ್ತದೆ.

ಶಾಲಾ ವಾರ್ಷಿಕೋತ್ಸವವನ್ನು ಬಹಳ ಕಡೆ ಜನವರಿ, ಫೆಬ್ರವರಿಯ ರಾತ್ರಿಗೆ ಇಟ್ಟುಕೊಳ್ಳುವುದು ಕೊಯ್ಲಿನವರಿಗೆ ಹಗಲು ಬಿಡುವಿಲ್ಲವೆಂದೇ. ಅಂದು ಎಸ್.ಡಿ.ಎಂ.ಸಿ. ಸದಸ್ಯರೆಲ್ಲ ಸಿಗುತ್ತಾರೆ, ಮುಂದಿನ ವರ್ಷದ ಮಾತನ್ನು ಅಲ್ಲೇ ಆಡಿಬಿಡುವುದು ಅನುಕೂಲ. ಘಟ್ಟದ ಕೆಳಗೆ ದಕ್ಷಿಣ ಕನ್ನಡದ ಕೆಲವು ಸರಕಾರಿ ಶಾಲೆಗಳಲ್ಲಿ ಪೋಷಕರೇ ಶಾಲೆಯ ಜಾಗದಲ್ಲಿ ಅಡಿಕೆ ಸಸಿ ನೆಟ್ಟು, ಫಸಲಿನ ಹಣವನ್ನು ಶಾಲೆಯ ಖರ್ಚಿಗೆ ಬಳಸುತ್ತಿದ್ದಾರೆ. ನಮ್ಮಲ್ಲೂ ನೀರಿನ ಅನುಕೂಲವಿರುವ ಶಾಲೆಗಳಿವೆ, ಒಳ್ಳೆಯ ಸಸಿ ಕೊಡಬಲ್ಲ ಸದಸ್ಯರೂ ಇದ್ದಾರೆ. ನೆಡುವುದು ಜೂನಿನಲ್ಲಿ ಸುಲಭ. ಏಪ್ರಿಲ್, ಮೇ ತಿಂಗಳ ರಜೆಯಲ್ಲಿ ಯಾರ ಮನೆಯವರು ಯಾವ ವಾರ ನೀರು ಹಾಕುವುದೆಂಬ ಪಟ್ಟಿಯನ್ನು ಸಸಿ ತರುವ ಮೊದಲೇ ಬರೆದು ಶಾಲೆಯ ಗೋಡೆಗೆ ಅಂಟಿಸಿರಬೇಕು.