ಮುಳುಗಿ ಎದ್ದ ಯಂತ್ರ

ಮಳೆಗಾಲದಲ್ಲಿ ನದಿಯ ನೆರೆಯೂ ಕಡಲ ತೆರೆಯೂ ಇದಿರುಬದಿರಾಗಿ ಹೊಯ್ದಾಡುವ ಗಂಗೊಳ್ಳಿ, ಹೊನ್ನಾವರಗಳಂಥ ಅಳಿವೆಗಳಲ್ಲಿ ನಾಡದೋಣಿಯೊಂದು ಮಗುಚಿದಾಗ, ಮಂದಿ ಸುರಕ್ಷಿತವಾಗಿ ದಡ ಸೇರಿದರೆಂಬ ಸಮಾಧಾನದ ಬೆನ್ನಿಗೇ ಹುಟ್ಟುವ ಚಿಂತೆ ದೋಣಿಯ ಹಿಂಬದಿಗೆ ತಗುಲಿಸಿದ್ದ ಔಟ್‌ಬೋರ್ಡ್ ಎಂಜಿನ್ನಿನದು. ಮೇಲೆತ್ತಿ ತಂದುದನ್ನು ರಿಪೇರಿ ಮಾಡಿಸುವುದೋ, ಗುಜರಿಗೆ ಹಾಕಿ ಹೊಸದನ್ನು ಕೊಳ್ಳುವುದೋ? ಖರ್ಚು ಹೊಸ ಎಂಜಿನ್ನಿನ ಬೆಲೆಯ ಅರ್ಧವನ್ನು ಮೀರಿದರೆ ಹಳೆಯದನ್ನು ಕೈಬಿಡತಕ್ಕದ್ದೆಂಬ ಸೂತ್ರವೊಂದು ರೂಢಿಯಲ್ಲಿದೆ. ಲೆಕ್ಕಕ್ಕೆ ಸುಲಭವಾದರೂ ಅದು ಯಂತ್ರದ ಒಳಗೆ ನಡೆದುದೇನೆಂದು ವಿಚಾರಿಸುವುದೇ ಇಲ್ಲ.

ಮೊದಲು ವಿಚಾರಿಸತಕ್ಕದ್ದು, ಮುಳುಗುವಾಗ ಎಂಜಿನ್ ಓಡುತ್ತಿತ್ತೋ ನಿಂತಿತ್ತೋ ಎಂಬುದು. ಓಡುತ್ತಿದ್ದರೆ ಅದು ಗಾಳಿಗೆ ಬದಲಾಗಿ ನೀರನ್ನೇ ಸಿಲಿಂಡರಿನೊಳಕ್ಕೆ ಸೆಳೆದುಕೊಂಡಿರುತ್ತದೆ. ಗಾಳಿಯಂತೆ ಕುಗ್ಗಲೊಲ್ಲದ ನೀರು ಮೇಲೇರುವ ಪಿಸ್ಟನ್ನನ್ನು ತಡೆದು ನಿಲ್ಲಿಸಲು, ಆ ಆಘಾತವೆಲ್ಲವೂ ಕನೆಕ್ಟಿಂಗ್ ರಾಡಿನ ಮೇಲೆ ಬಿದ್ದು ಅದು ಬಾಗಬಹುದು. ಪ್ಲಗ್ಗುಗಳನ್ನು ಬಿಚ್ಚಿ ಫ್ಲೈವೀಲನ್ನು ಮೆಲ್ಲನೆ ಕೈಯಿಂದ ತಿರುಗಿಸಿದಾಗ ಒಂದೇ ಜಾಗದಲ್ಲಿ ಮತ್ತೆ ಮತ್ತೆ ಬಿಗಿದರೆ ಸಂಶಯವು ಬಲವಾಗುತ್ತದೆ.

ನಿಂತಿದ್ದ ಎಂಜಿನ್ನಿನ ಹಣೆಬರಹವನ್ನು ನಿರ್ಣಯಿಸುವುದು ಕಾಲ. ಲೀಟರಿಗೆ ಸುಮಾರು 35 ಗ್ರಾಂ ಲವಣವುಳ್ಳ ಕಡಲನೀರು ಉಕ್ಕಿಗೆ ವೈರಿಯೇ ಆದರೂ, ತುಕ್ಕು ಬೆಳೆಯಲು ನೀರಿನೊಡನೆ ಆಮ್ಲಜನಕವೂ ಯಥೇಚ್ಛವಾಗಿ ಬೇಕಾಗಿರುವುದರಿಂದ, ನಿಜವಾದ ವಿನಾಶ ವೇಗಗೊಳ್ಳುವುದು ಯಂತ್ರವನ್ನು ಮೇಲೆತ್ತಿ ಗಾಳಿಗೊಡ್ಡಿದ ಬಳಿಕ. ಆದಕಾರಣ ಕೂಡಲೇ ಸಿಹಿನೀರಿನಲ್ಲಿ ತೊಳೆದು, ನೀರು ಬಸಿದು, ಎಣ್ಣೆ ಹೊಯ್ದು ಕೆಲವು ಗಂಟೆಗಳೊಳಗಾಗಿ ಓಡಿಸಬೇಕು; ಮೆಕ್ಯಾನಿಕ್ ಸಿಗುವುದು ತಡವಾದರೆ ಸಿಹಿನೀರಿನ ತೊಟ್ಟಿಯಲ್ಲಿ ಮತ್ತೆ ಮುಳುಗಿಸಿಡುವುದೇ ಯುಕ್ತ. ವಿಚಿತ್ರವೆನಿಸಿದರೂ ಇದು ಶಾಸ್ತ್ರಸಮ್ಮತವಾದ ಉಪಾಯ. ಬಿಸಿಲಿಗಿಟ್ಟು ಒಣಗಿಸುವವರು ತಿಳಿಯದೆಯೇ ತುಕ್ಕಿಗೆ ನೆರವಾಗುತ್ತಾರೆ.

ಹಳೆಯ ಎಂಜಿನ್ನಿನಲ್ಲಿ ಇನ್ನೊಂದು ಸವೆತ ಮೊದಲೇ ನಡೆದಿರುತ್ತದೆ. ಮೈ ಅಲ್ಯೂಮಿನಿಯಮ್ಮಿನದು, ಬೋಲ್ಟುಗಳು ಉಕ್ಕಿನವು. ಇವೆರಡರ ನಡುವೆ ಉಪ್ಪುನೀರು ಸೇರಿತೆಂದರೆ ಅಲ್ಲೊಂದು ವಿದ್ಯುತ್ಕೋಶವೇ ಏರ್ಪಟ್ಟು ಅಲ್ಯೂಮಿನಿಯಮ್ ಕರಗತೊಡಗುತ್ತದೆ. ಬೋಲ್ಟಿನ ತಲೆಯ ಸುತ್ತ ಬಣ್ಣ ಉಬ್ಬಿ, ಬಿಳಿಯ ಹುಡಿ ಕಾಣಿಸಿಕೊಂಡರೆ ಒಳಗೆ ತಿರುಪಿನ ಮರೆಗಳು ಕಚ್ಚಿಕೊಂಡಿವೆಯೆಂದೇ ತಿಳಿಯಬೇಕು. ಸ್ಪಾನರ್ ಹಾಕಿದೊಡನೆ ಬೋಲ್ಟು ತುಂಡಾಗಿ, ಸಣ್ಣ ರಿಪೇರಿಯ ಖರ್ಚು ಏರುವುದು ಇಲ್ಲಿಯೇ. ಇದನ್ನು ತಡೆಯಲೆಂದೇ ನೀರಿನಲ್ಲಿರುವ ಭಾಗಕ್ಕೆ ಸತುವಿನ ತುಂಡೊಂದನ್ನು ಬಿಗಿದು ಅದನ್ನು ಬಲಿಗೊಡುವ ಪದ್ಧತಿಯುಂಟು. ನೌಕೆಗಳ ತಾಮ್ರದ ಹೊದಿಕೆಗೆ ಈ ತತ್ತ್ವವನ್ನು 1824ರಲ್ಲಿ ಪ್ರಯೋಗಿಸಿ ತೋರಿಸಿದವನು ಹಂಫ್ರಿ ಡೇವಿ.

ಅನಂತರ ಕಂಪ್ರೆಶನ್ ಪರೀಕ್ಷೆ. ಪ್ಲಗ್ಗಿನ ತೂತಿಗೆ ಒತ್ತಡಮಾಪಕವನ್ನಿಟ್ಟು ಹಗ್ಗ ಎಳೆದಾಗ ಎರಡು ಸಿಲಿಂಡರುಗಳ ಒತ್ತಡ ಬಹುಮಟ್ಟಿಗೆ ಸಮನಾಗಿದ್ದರೆ ಆಸೆಯಿದೆ; ಒಂದು ಶೇಕಡಾ 15ಕ್ಕಿಂತ ಹೆಚ್ಚು ಇಳಿದಿದ್ದರೆ ರಿಂಗೋ ಬೋರೋ ಕೆಟ್ಟಿದೆಯೆಂದು ಅನುಮಾನಿಸಬೇಕು. ಕಾರ್ಬ್ಯುರೇಟರ್, ಇಗ್ನಿಶನ್ ಕಾಯಿಲ್, ನೀರೆತ್ತುವ ರಬ್ಬರಿನ ಇಂಪೆಲ್ಲರ್ ಇವೆಲ್ಲ ಬದಲಿಸಬಹುದಾದವು. ಕ್ರ್ಯಾಂಕಿನ ಬೇರಿಂಗುಗಳಲ್ಲಿ ತುಕ್ಕು ಗುಳಿ ತೋಡಿದ್ದರೆ ಮಾತ್ರ, ಎರಡು ಸ್ಟ್ರೋಕಿನ ಎಂಜಿನ್ನಿನಲ್ಲಿ ಇಂಧನಮಿಶ್ರಣವು ಅವುಗಳ ಮೂಲಕವೇ ಹಾಯುವುದರಿಂದ ನೀರೂ ಮೊದಲು ಹೊಕ್ಕಿರುವುದು ಅಲ್ಲಿಗೇ ಆದಕಾರಣ, ಕ್ರ್ಯಾಂಕನ್ನು ಸಮೂಲವಾಗಿ ಬದಲಿಸದೆ ಅಗ್ಗದಲ್ಲಿ ಓಡುವಂತೆ ಮಾಡಿಕೊಡುತ್ತೇನೆಂಬ ಮಾತಿಗೆ ಒಪ್ಪಬಾರದೆಂದು ನನ್ನ ಅಭಿಪ್ರಾಯ. ಏಕೆಂದರೆ ಆ ಎಂಜಿನ್ ಮತ್ತೆ ದಾಟಬೇಕಾಗಿರುವುದು ಅದೇ ಅಳಿವೆಯನ್ನು, ಮತ್ತು ಅಲ್ಲಿ ಅದು ನಿಂತರೆ ನಷ್ಟವಾಗುವುದು ಹಣ ಮಾತ್ರವಲ್ಲ. ಕೈಬಿಡುವುದೇ ನಿಶ್ಚಯವಾದರೆ ಗೇರುಗಳನ್ನೂ ಪ್ರೊಪೆಲ್ಲರನ್ನೂ ಬಿಚ್ಚಿಟ್ಟುಕೊಂಡು ಉಳಿದುದನ್ನು ಗುಜರಿಗೆ ತೂಗಿಸುವುದು ಲೇಸು. ಅದೇ ಮಾದರಿಯ ಇನ್ನೊಂದು ಎಂಜಿನ್ನಿಗೆ ಅವು ಒದಗುತ್ತವೆ.