ಕಡಲಿಗೂ ಅಳಿವೆಗೂ ಒಂದೇ ರೀಲು ಸಾಕೇ?

ಕಾರವಾರದ ಟಾಗೋರ್ ಕಡಲತೀರದಿಂದ ಕೋಡಿಬಾಗದ ಕಡೆಗೆ ಭಾನುವಾರ ಸಂಜೆ ಒಂದು ಸುತ್ತು ಹಾಕಿ ಬನ್ನಿ. ಗಾಳದ ಕೋಲು ಹಿಡಿದು ತೆರೆಗೆ ಎದುರಾಗಿ ನಿಂತವರು ಒಬ್ಬಿಬ್ಬರಾದರೂ ಸಿಗದೇ ಇರಲಿಕ್ಕಿಲ್ಲ. ಅಂಕೋಲೆಯ ಕೇಣಿ, ಬೇಲೇಕೇರಿ, ನದಿಬಾಗ ಕಡೆಯೂ ಇದೇ ಕತೆ. ಮೀನು ಹಿಡಿಯುವುದು ನಮ್ಮ ಜಿಲ್ಲೆಗೆ ಹೊಸತೇ? ಒಂದು ಕಾಲದಲ್ಲಿ ರಂಪಣಿ ಬಲೆ ಎಳೆಯಲಿಕ್ಕೆ ಊರಿಗೆ ಊರೇ ಮರಳಿಗಿಳಿಯುತ್ತಿತ್ತು. 1970ರ ದಶಕದ ಕೊನೆಗೆ ಪರ್ಸೀನ್ ದೋಣಿಗಳು ಬಂದ ಮೇಲೆ ರಂಪಣಿ ಕುಗ್ಗಿತು. ಗಾಳ ಮಾತ್ರ ಉಳಿಯಿತು. ಮೊದಲು ಕೈದಾರ ಇತ್ತು, ಈಗ ಅದರ ಜಾಗಕ್ಕೆ ರೀಲು ಬಂದಿದೆ, ಅಷ್ಟೇ.

ಫಜೀತಿ ಶುರುವಾಗುವುದೂ ಈ ರೀಲಿನಿಂದಲೇ. ಅಂಗಡಿಯಲ್ಲಿ ಥಳಥಳ ಹೊಳೆಯುತ್ತದೆ, ಹಿಡಿಕೆ ತಿರುಗಿಸಿದರೆ ಬೆಣ್ಣೆಯ ಹಾಗೆ ತಿರುಗುತ್ತದೆ. ತಿಂಗಳೆರಡು ಕಳೆಯುವುದರೊಳಗೆ ಉಪ್ಪು ಹತ್ತಿ ಕರಕರ ಅನ್ನಲಿಕ್ಕೆ ತೊಡಗುತ್ತದೆ. ಸಾವಿರಗಟ್ಟಲೆ ರೂಪಾಯಿ ಗುಜರಿಗೆ! ದಿನದ ದುಡಿಮೆಯಲ್ಲಿ ಉಳಿಸಿ ಕೊಂಡವನಿಗೆ ಇದು ಸಣ್ಣ ನಷ್ಟವಲ್ಲ. ಹಾಗಾದರೆ ಕಡಲತೆರೆಗೂ ಅಳಿವೆಗೂ ಒಂದೇ ರೀಲು ಸಾಕೇ? ಸಾಕು, ನೋಡಿ ಕೊಂಡರೆ ಸಾಕು.

ಮೊದಲು ಅದರ ಕೆಲಸ ತಿಳಿಯಿರಿ. ಈ ರೀಲಿನಲ್ಲಿ ಗಾಳ ಎಸೆಯುವಾಗ ದಾರದ ಉರುಳೆ ತಿರುಗುವುದಿಲ್ಲ. ದಾರ ಅದರ ಬಾಯಂಚಿನಿಂದ ತಾನಾಗಿ ಬಿಚ್ಚಿಕೊಂಡು ಹಾರುತ್ತದೆ. ಇದಕ್ಕೆ 1905ರಲ್ಲಿ ಪೇಟೆಂಟ್ ಪಡೆದ ಇಂಗ್ಲೆಂಡಿನ ಇಲಿಂಗ್‌ವರ್ತ್ ಎಂಬಾತ ಬಟ್ಟೆ ಗಿರಣಿಯ ವ್ಯವಹಾರದವನು. ನೂಲಿನ ಉಂಡೆಯಿಂದ ಎಳೆ ಬಿಚ್ಚುವ ಪರಿಯೇ ಇಲ್ಲಿಯೂ ಉಂಟು. ಆದ್ದರಿಂದ ಉರುಳೆಯ ತುಂಬ ದಾರ ಇರಬೇಕು, ಅಂಚಿಗೆ ಎರಡು ಮಿಲಿಮೀಟರ್ ಮಾತ್ರ ಬಿಡಬೇಕು. ಅರ್ಧ ಸುತ್ತಿದರೆ ದಾರ ಅಂಚಿಗೆ ಉಜ್ಜಿ ಗಾಳ ದೂರ ಹೋಗುವುದಿಲ್ಲ. ತುಳುಕುವಷ್ಟು ಸುತ್ತಿದರೆ ಗಂಟು ಬಿತ್ತೆಂದೇ ತಿಳಿಯಿರಿ.

ಇನ್ನು ಅಳತೆಯ ಮಾತು. ರೀಲಿನ ಮೇಲೆ 2500, 4000, 6000 ಎಂದು ಬರೆದಿರುತ್ತದೆ. ಇದು ಕಿಲೋ, ಮೀಟರಿನ ಹಾಗೆ ಸರಕಾರಿ ಅಳತೆಯಲ್ಲ. ಒಂದು ಕಂಪನಿಯ 4000 ಇನ್ನೊಂದು ಕಂಪನಿಯ 3000ಕ್ಕೆ ಸಮ ಇದ್ದೀತು. ಅಂದಾಜಿಗೆ ಹೇಳುವುದಾದರೆ, ನೋಗ್ಲಿಯಂಥ ಸಣ್ಣ ಮೀನಿಗೆ 2500 ಸಾಕು. ಆದರೆ ತೆರೆಯಾಚೆ ಸೀಸದ ಗುಂಡು ಎಸೆಯಲಿಕ್ಕೆ ಅದು ಸಾಲದು. 6000ಕ್ಕೆ ಮೇಲಿನದು ದೂರಕ್ಕೆ ಒಳ್ಳೆಯದೇ, ಆದರೆ ಭಾರ. ಅಳಿವೆಯಲ್ಲಿ ತಾಸುಗಟ್ಟಲೆ ಎಸೆದು ಎಳೆದು ಮಾಡಿದರೆ ಮಣಿಕಟ್ಟು ನೋಯದೆ ಇರದು. ನಡುವಿನ 4000 ಅಥವಾ 5000 ಎರಡಕ್ಕೂ ಒದಗುತ್ತದೆ. 0.35 ಮಿಲಿಮೀಟರ್ ದಪ್ಪದ ನೈಲಾನ್ ದಾರ 150 ಮೀಟರಾದರೂ ಹಿಡಿಯುತ್ತದೆಯೇ ಎಂದು ಕೇಳಿ ಕೊಳ್ಳಿ. ಜೊತೆಗೆ 9 ಅಡಿಯ ಕೋಲು ಇದ್ದರೆ ಮರಳಿನ ಮೇಲೂ ನಡೆಯುತ್ತದೆ, ಅಳಿವೆಯ ದಂಡೆಗೂ ತೀರ ಉದ್ದವಾಗದು.

ಮೂರನೆಯದು ಡ್ರ್ಯಾಗ್, ಅಂದರೆ ಬಿಗಿತಿರುಪು. ದೊಡ್ಡ ಮೀನು ಜಗ್ಗಿದಾಗ ದಾರ ಹರಿಯದಂತೆ ಸ್ವಲ್ಪ ಸ್ವಲ್ಪ ಬಿಟ್ಟುಕೊಡುವುದು ಇದರ ಕೆಲಸ. ಕೊಂಕಣಿಯವರು ಚೊಣಕ್ ಎನ್ನುವ ಮೀನು ಕಚ್ಚಿ ನೀರಿನಿಂದ ಹಾರಿತೋ, ಆಗ ಈ ತಿರುಪಿನ ಪರೀಕ್ಷೆ. ದಾರದ ಬಲದ ನಾಲ್ಕನೇ ಒಂದರಿಂದ ಮೂರನೇ ಒಂದು ಪಾಲಿನಷ್ಟು ಬಿಗಿ ಇಡಬೇಕು. 6 ಕಿಲೋ ದಾರವಾದರೆ ಒಂದೂವರೆಯಿಂದ ಎರಡು ಕಿಲೋ. ಅಳೆಯುವುದು ಹೇಗೆ ಎನ್ನುತ್ತೀರಾ? ಅಂಗಡಿಯ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆಗೆ ದಾರ ಕಟ್ಟಿ ಎಳೆಯಿರಿ. ಮುಳ್ಳು ತಾನೇ ಹೇಳುತ್ತದೆ. ದಾರ ಜರ್ಕು ಹೊಡೆಯದೆ ಸರಾಗವಾಗಿ ಬರಬೇಕು. ಡಬ್ಬಿಯ ಮೇಲೆ ಹದಿನೈದು ಕಿಲೋ, ಇಪ್ಪತ್ತು ಕಿಲೋ ಎಂದು ಬರೆದದ್ದಕ್ಕಿಂತ ಈ ಸರಾಗ ದೊಡ್ಡದು.

ಹಾಗೆಯೇ ಬೇರಿಂಗಿನ ಲೆಕ್ಕ. ಹತ್ತು, ಹನ್ನೆರಡು ಬೇರಿಂಗ್ ಎಂದರೆ ಗಿರಾಕಿ ಮರುಳಾಗುತ್ತಾನೆ. ತುಕ್ಕು ತಿನ್ನುವ ಹನ್ನೆರಡಕ್ಕಿಂತ ತುಕ್ಕು ತಾಳುವ ನಾಲ್ಕು ಮೇಲು. ಉರುಳೆ ಲೋಹದ್ದೇ? ದಾರ ಹಾಯುವ ಚಿಕ್ಕ ರೋಲರ್ ತಿರುಗುತ್ತದೆಯೇ? ಬೇಲ್ ತಂತಿ ಗಟ್ಟಿಯಾಗಿ ಮುಚ್ಚುತ್ತದೆಯೇ? ಹಿಡಿಕೆಯನ್ನು ಹಿಂದೆ ಮುಂದೆ ಆಡಿಸಿದರೆ ಲೊಡಲೊಡ ಅನ್ನುತ್ತದೆಯೇ? ಇಷ್ಟು ನೋಡಲಿಕ್ಕೆ ಐದು ನಿಮಿಷ ಸಾಕು. ಹೆಸರಾಂತ ಕಂಪನಿಯದಾದರೆ ಬಿಡಿಭಾಗ ಸಿಗುವ ಧೈರ್ಯ ಹೆಚ್ಚು. ಜಪಾನಿನ ಶಿಮಾನೊ 1921ರಲ್ಲಿ ಸೈಕಲ್ ಫ್ರೀವ್ಹೀಲಿನಿಂದ ಶುರುಮಾಡಿ, ಗಾಳದ ಸಾಮಾನಿಗೆ ಕೈ ಹಾಕಿದ್ದು 1970ರಲ್ಲಿ. ಆದರೆ ಹೆಸರಿದ್ದ ಮಾತ್ರಕ್ಕೆ ಅವರ ಅಗ್ಗದ ಮಾಲೂ ಕಡಲಿಗೆ ಒದಗುತ್ತದೆ ಎಂದೇನಿಲ್ಲ. ಉಪ್ಪುನೀರಿಗೆ ಮಾಡಿದ್ದೇ ಎಂದು ಕೇಳಲೇಬೇಕು.

ಅಂಗಡಿಕಾರರಿಗೂ ಒಂದು ಮಾತು. ಸಿಹಿನೀರಿನ ಕೆರೆಗೆ ಮಾಡಿದ ರೀಲನ್ನು ಕಡಲಿಗೆಂದು ಕೊಡಬೇಡಿ. ಅಂದಿನ ಲಾಭ ಬಂದೀತು, ಗಿರಾಕಿ ಮಾತ್ರ ಮತ್ತೆ ಬರುವುದಿಲ್ಲ.

ಕೊಂಡ ಮೇಲೆ ಅರ್ಧ ಆಯುಷ್ಯ ನಿಮ್ಮ ಕೈಯಲ್ಲೇ ಇದೆ. ರೀಲನ್ನು ಮರಳಿನ ಮೇಲೆ ಇಡಬಾರದು. ಒಂದು ಗೇಣು ಪಿವಿಸಿ ಪೈಪು ಸಾಲದು, ಮೂರಡಿ ತುಂಡು ಊರಿ ಅದರಲ್ಲಿ ಕೋಲು ನಿಲ್ಲಿಸಿ. ಮನೆಗೆ ಬಂದೊಡನೆ ತಿರುಪು ಬಿಗಿದು ಸಿಹಿನೀರನ್ನು ಮೆತ್ತಗೆ ಸುರಿದು, ಕೊಡವಿ, ನೆರಳಲ್ಲಿ ಒಣಗಿಸಿ. ಬಕೆಟ್ಟಿನಲ್ಲಿ ಮುಳುಗಿಸಿದರೆ ಉಪ್ಪು ಒಳಗೇ ಹೋಗುತ್ತದೆ. ಒಣಗಿದ ಮೇಲೆ ತಿರುಪು ಸಡಿಲಿಸಿ, ರೋಲರಿಗೆ ಒಂದು ಹನಿ ಎಣ್ಣೆ ಬಿಡಿ.

ಎಲ್ಲಿ ನಿಲ್ಲಬೇಕೆಂಬುದೂ ರೀಲಿನಷ್ಟೇ ಮುಖ್ಯ. 2005ರಲ್ಲಿ ಶುರುವಾದ ಕದಂಬ ನೌಕಾನೆಲೆಯ ಬೇಲಿಯತ್ತ ಸುಳಿಯಬೇಡಿ. ಕಾಳಿ ನದಿಯ ಹಳೆಯ ಸೇತುವೆ 2024ರ ಆಗಸ್ಟ್ 7ರ ನಸುಕಿನಲ್ಲಿ ಕುಸಿದು ಲಾರಿಯೊಂದು ನೀರಿಗೆ ಬಿದ್ದದ್ದನ್ನು ಯಾರೂ ಮರೆತಿಲ್ಲ. ಹೆದ್ದಾರಿ ಸೇತುವೆ ಇರುವುದು ಬಸ್ಸು ಲಾರಿಗಳಿಗೆ, ಗಾಳ ಬೀಸಲಿಕ್ಕಲ್ಲ. ಜೂನ್, ಜುಲೈಯಲ್ಲಿ ಯಾಂತ್ರಿಕ ದೋಣಿಗಳೇ ದಡ ಸೇರಿರುತ್ತವೆ. ಆ ಕಡಲಿಗೆ ಎದುರಾಗಿ ಜಾರು ಬಂಡೆಯ ಮೇಲೆ ನಿಂತು ಸಾಹಸ ತೋರಿಸುವುದು ಏಕೆ? ಹರಿದ ನೈಲಾನ್ ದಾರವನ್ನೂ ಮರಳಲ್ಲಿ ಬಿಡಬೇಡಿ. ಹಕ್ಕಿಯ ಕಾಲಿಗೆ ಸುತ್ತಿಕೊಳ್ಳುತ್ತದೆ, ಮಕ್ಕಳ ಕಾಲಿಗೂ.

ಮಳೆಗಾಲ ಗ್ರೀಸು ಹಚ್ಚುವ ಕಾಲ. ಕಡಲು ತಣಿದ ಮೇಲೆ ಕೋಲು ಹೊರಗೆ ತೆಗೆಯಿರಿ. ಮೀನು ಸಿಗುತ್ತದೆಂಬ ಭರವಸೆ ಯಾವ ಕಂಪನಿಯೂ ಕೊಡುವುದಿಲ್ಲ. ಸಿಕ್ಕ ಮೀನು ಕೈತಪ್ಪದ ಹಾಗೆ ನೋಡಿಕೊಳ್ಳುವ ರೀಲು ಮಾತ್ರ ನಮ್ಮ ಆಯ್ಕೆಗೆ ಬಿಟ್ಟದ್ದು.