ಸತೀರ್ಥ್ಯ ಶಬ್ದವೂ ಸೆರಾಂಪುರದ ಪದವಿಯೂ

ಒಬ್ಬನೇ ಗುರುವಿನಲ್ಲಿ ವಾಸಮಾಡಿ ಓದಿದವರನ್ನು ಪಾಣಿನೀಯವು ಸತೀರ್ಥ್ಯರೆನ್ನುತ್ತದೆ; ಇಲ್ಲಿ ತೀರ್ಥವೆಂದರೆ ಗುರು. ಕ್ರೈಸ್ತ ದೇವಶಾಸ್ತ್ರದ ವ್ಯಾಸಂಗಕ್ರಮದಲ್ಲಿ ಈ ಶಬ್ದವು ಎಷ್ಟರಮಟ್ಟಿಗೆ ಸಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಬಂಗಾಳದ ಸೆರಾಂಪುರದಲ್ಲಿ 1818ರಲ್ಲಿ ಸ್ಥಾಪಿತವಾದ ಕಾಲೇಜಿಗೆ 1827ರಲ್ಲಿ ಡೆನ್ಮಾರ್ಕಿನ ಅರಸನ ಸನ್ನದಿನಿಂದ ಪದವಿಪ್ರದಾನಾಧಿಕಾರವು ಲಭಿಸಿತು. 1918ರ ಶಾಸನದಿಂದ ಸೆನೆಟ್ ಸಭೆಯು ಏರ್ಪಟ್ಟ ಬಳಿಕ, ಅದಕ್ಕೆ ಸೇರಿದ ಅನ್ಯ ವಿದ್ಯಾಶಾಲೆಗಳಲ್ಲಿ ಓದಿದವರಿಗೂ ಆ ಪದವಿಯು ದೊರೆಯುವಂತಾಯಿತು. ಬಾಸೆಲ್ ಮಿಶನ್ನಿನವರು 1847ರಲ್ಲಿ ಮಂಗಳೂರಿನಲ್ಲಿ ತೆರೆದ ಶಾಲೆಯೂ ತುಮಕೂರಿನ ಶಾಲೆಯೂ 1965ರಲ್ಲಿ ಒಂದುಗೂಡಿ ಕರ್ನಾಟಕ ಥಿಯಲಾಜಿಕಲ್ ಕಾಲೇಜೆನಿಸಿದುವು. ಅದೂ, 1910ರಲ್ಲಿ ಆರಂಭವಾದ ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜೂ ಈ ಸೆನೆಟ್ಟಿಗೆ ಸೇರಿದವು. ಆದುದರಿಂದ ಧಾರವಾಡ ಸೀಮೆಯ ಶಲವಡಿಯಂತಹ ಗ್ರಾಮದಿಂದ ಹೊರಟ ವಿದ್ಯಾರ್ಥಿಯು ಮಂಗಳೂರಿನಲ್ಲಿ ಪ್ರಥಮ ಪದವಿಗೂ ಬೆಂಗಳೂರಿನಲ್ಲಿ ಉಚ್ಚ ಪದವಿಗೂ ಓದಿದರೆ, ಎರಡಕ್ಕೂ ಬೀಳುವ ಮುದ್ರೆ ಸೆರಾಂಪುರದ್ದೇ.

ಇಲ್ಲಿ ಗುರುಗಳು ಹಲವರು, ಪದವಿಯ ಪ್ರಮಾಣವೊಂದೇ. ಒಂದೆಡೆ ಪಡೆದ ಓದು ಇನ್ನೊಂದೆಡೆ ವ್ಯರ್ಥವಾಗದೆಂಬುದು ಇದರ ಲಾಭ. ಆದರೆ ಪರೀಕ್ಷೆಯು ಶಿಷ್ಯನ ಅರಿವನ್ನು ಅಳೆಯಬಲ್ಲುದಲ್ಲದೆ ಶೀಲವನ್ನಲ್ಲ. ಅದನ್ನು ಬಲ್ಲವನು ಜತೆಗಿದ್ದು ಓದಿಸಿದವನೇ. ಧರ್ಮಬೋಧಕನಾಗತಕ್ಕವನಿಗೆ ಶೀಲವೇ ಮುಖ್ಯವಾದುದರಿಂದ, ಶಾಲೆಗಳು ಎಷ್ಟೇ ಕೂಡಿದರೂ ಸತೀರ್ಥ್ಯ ಶಬ್ದದೊಳಗಿನ ವಾಸವೆಂಬ ಅರ್ಥವನ್ನು ಬಿಡಲಾಗದು.